ಕೊಟ್ಟಿಗೆ ಗೂಡಿನ ಚೀನಾ ಬಟ್ಟಲು

ಕರಿಸಿದ್ದಯ್ಯನ ವಿಷಯ ಹೇಳು ಅಂತ ನನ್ನನ್ನ ಯಾರೂ ಕೇಳಿಲ್ಲ. ಕೇಳೋರೆಲ್ಲ ಬಟ್ಟಲಿನ ವಿಷಯ ಕೇಳ್ತಾರೆ. "ನಿಮ್ಮನೇಲಿ ಚೀನಾ ದೇಶದ ಬಟ್ಟಲಿತ್ತಂತೆ, ಪಟ್ಟಣದ ಅರಮನೇದಂತೆ, ಹೌದಾ ಅಜ್ಜಿ?" ಇತ್ತು ಕಣಪ್ಪ, ಇತ್ತು. ಆದರೆ ಅದರಲ್ಲಿ ಮೂವತ್ತು ವರ್ಷ ಮಜ್ಜಿಗೆ ಕುಡಿದವನ ಸುದ್ದಿ ಒಬ್ಬರಿಗೂ ಬೇಡ. ಅದಕ್ಕೇ ನಾನು ಅವನಿಂದಲೇ ಶುರು ಮಾಡ್ತೀನಿ. ಮಧ್ಯೆ ಬಾಯಿ ಹಾಕಬೇಡಿ. ಇದು ನಾಚಿಕೆಗೇಡಿನ ಮಾತು, ಒಂದೇ ಉಸಿರಿಗೆ ಹೇಳಿ ಮುಗಿಸಬೇಕು. ನಿಂತರೆ ಎಲ್ಲಾದರೂ ಒಂದು ಸುಳ್ಳು ಸೇರಿಸಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಪುಟ್ಟಮಾದಮ್ಮ. ಹುಟ್ಟಿದ್ದು ಮಳವಳ್ಳಿ ಪೇಟೇಲಿ, ಐದನೇ ಕ್ಲಾಸು ತನಕ ಓದಿದವಳು. ಕೊಟ್ಟಿದ್ದು ಬೆಸಗರಹಳ್ಳಿಗೆ ಒಂದು ಮೈಲಿ ಈಚೆ ಇರೋ ಈ ಊರಿಗೆ, ಬೆಟ್ಟಯ್ಯಗೌಡರ ಮನೆಗೆ ಸೊಸೆಯಾಗಿ. ಅತ್ತೆ ಚಿಕ್ಕನಂಜಮ್ಮ. ಅವರಿಗೆ ನಮ್ಮ ಯಜಮಾನರು ಅಪ್ಪಾಜಿ ಒಬ್ಬರೇ ಮಗ. ಕರಿಸಿದ್ದಯ್ಯ ಆ ಮನೆಯ ಆಳು. ಅವನಪ್ಪ, ಅವನ ತಾತ ಕೂಡ ಅದೇ ಮನೆಗೆ ದುಡಿದವರು. ಊರಾಚೆ ಕೇರಿಯಿಂದ ಹೊತ್ತು ಹುಟ್ಟೋಕೆ ಮುಂಚೆ ಬಂದು ಕೊಟ್ಟಿಗೆ ಬಾಚಿ, ಎತ್ತಿಗೆ ಮೇವು ಹಾಕಿ, ನೇಗಿಲು ಹೊತ್ತು ಹೊರಡೋನು. ಉದ್ದಕ್ಕೆ, ಸಣ್ಣಗೆ, ಸ್ವಲ್ಪ ಬಾಗಿಕೊಂಡು ನಡೆಯೋನು. ನನ್ನಪ್ಪನ ವಯಸ್ಸು ಅವನಿಗೆ. ಹದಿನಾರು ತುಂಬದ ನಾನು ಮೆಟ್ಟಿಲ ಮೇಲೆ ನಿಂತು "ಲೋ ಕರಿಸಿದ್ದ, ಬಾರೋ ಇಲ್ಲಿ" ಅಂತಿದ್ದೆ. ಅವನು "ಯಾಕ್ ಚಿಕ್ಕವ್ವಾ" ಅಂತ ಓಡಿ ಬರೋನು. ಆಗ ಅದು ನನಗೆ ಏನೂ ಅನ್ನಿಸುತ್ತಲೇ ಇರಲಿಲ್ಲ. ಅದೇ ಈಗ ನಾಚಿಕೆ ತರೋದು.

ಆ ಬಟ್ಟಲು ಕೊಟ್ಟಿಗೆ ಗೋಡೆಯ ಗೂಡಲ್ಲಿ ಬೋರಲು ಬಿದ್ದಿರೋದು. ಬೆಳ್ಳಗೆ, ಮೈ ತುಂಬ ನೀಲಿ ಬಳ್ಳಿ, ಬಳ್ಳೀಲಿ ನೀಲಿ ಹೂ. ನಮ್ಮ ಮಾವನ ಮುತ್ತಾತ ಶ್ರೀರಂಗಪಟ್ಟಣ ಬಿದ್ದ ಕಾಲದಲ್ಲಿ ದಂಡಿನವರಿಗೆ ಗಾಡಿ ಹೊಡೆಯೋಕೆ ಹೋಗಿ, ವಾಪಸ್ಸು ಬರುವಾಗ ಒಂದು ಗಂಟು ತಂದಿದ್ದನಂತೆ. ತಂದಿದ್ದ ಅಂದರೆ ಕದ್ದಿದ್ದ, ಇನ್ನೇನು. ಗಂಟಲ್ಲಿದ್ದ ಬಟ್ಟೆಬರೆ ಎಲ್ಲ ಹರಿದುಹೋಗಿ ಇದೊಂದು ಉಳಿದಿತ್ತು. ಪಿಂಗಾಣೀನ ಮೂಳೆ ಪುಡಿ ಕಲಸಿ ಮಾಡ್ತಾರೆ, ಮೈಲಿಗೆ ಅಂತ ನಮ್ಮತ್ತೆಗೆ ಅವರ ಅತ್ತೆ ಹೇಳಿಕೊಟ್ಟಿದ್ದರು. ಹಾಗಾಗಿ ಅಡುಗೆಮನೆಗೆ ಬರೋ ಹಾಗಿಲ್ಲ. ಬಿಸಾಕೋಕೂ ಮನಸ್ಸಿಲ್ಲ. ಕೇರಿಯ ಆಳಿಗೆ ಅಂತ ಕೊಟ್ಟಿಗೆಗೆ ಇಟ್ಟರು.

ದಿನಾ ಹೊತ್ತು ಏರಿದ ಮೇಲೆ ಕರಿಸಿದ್ದಯ್ಯ ಬಟ್ಟಲು ತಗೊಂಡು ಹಿಂದಿನ ಬಾಗಿಲ ಕೆಳಗೆ ಕೂರಬೇಕು. ನಾನು ಮೇಲಿಂದ ಚೆಂಬಲ್ಲಿ ಮಜ್ಜಿಗೆ ಹುಯ್ಯಬೇಕು. ಚೆಂಬಿಗೂ ಬಟ್ಟಲಿಗೂ ಒಂದು ಮೊಳ ಅಂತರ ಇರಲೇಬೇಕು, ಇಲ್ಲದಿದ್ದರೆ ಅತ್ತೆ ಒಳಗಿಂದಲೇ ಗದರೋರು. ಕುಡಿದಾದ ಮೇಲೆ ಅವನೇ ಬೂದಿ ಮುಟ್ಟಿಸದೆ ಬರೀ ನೀರಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಆಚೆಯಿಂದ ತನ್ನ ಬೆರಳು ಕಾಣುತ್ತಾ ಅಂತ ನೋಡಿ ಗೂಡಿಗೆ ಇಡೋನು. "ಏನೋ ನೋಡ್ತೀಯ ಅದರಲ್ಲಿ?" ಅಂತ ಒಂದಿನ ಕೇಳಿದೆ. "ಏನಿಲ್ಲ ಕಣವ್ವಾ. ಇದ ಮಾಡ್ದೋನ ಕೈ ಎಂಗಿದ್ದದು ಅಂತ" ಅಂದ. ನಾನು ನಕ್ಕುಬಿಟ್ಟೆ.

ಮೂವತ್ತೆಂಟನೇ ಇಸವೀಲಿ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದರಲ್ಲ, ನಮ್ಮ ಯಜಮಾನರೂ ಹೋಗಿದ್ದರು. ವಾಪಸ್ಸು ಬಂದವರು ಖಾದಿ ಜುಬ್ಬ ತೊಟ್ಟರು, ಜಗಲಿ ಮೇಲೆ ಜನ ಸೇರಿಸಿ ಹರಿಜನರ ಉದ್ಧಾರ ಅಂತ ಭಾಷಣ ಮಾಡೋರು. ಜಗಲಿಯಿಂದ ಕೊಟ್ಟಿಗೆಗೆ ಹತ್ತು ಮಾರು. ಆ ಭಾಷಣ ಅಷ್ಟು ದೂರ ನಡೆದು ಬರಲೇ ಇಲ್ಲ. ಅವರನ್ನ ಆಡಿಕೊಳ್ಳೋಕೆ ನನಗೇನು ಹಕ್ಕಿದೆ ಬಿಡಿ, ಮಜ್ಜಿಗೆ ಎತ್ತಿ ಹುಯ್ಯುತ್ತಿದ್ದವಳು ನಾನೇ ತಾನೆ.

ಆ ವರ್ಷಗಳಲ್ಲಿ ನಮ್ಮ ಕಡೆಯೆಲ್ಲ ನಾಲೆಯ ಕಾಲುವೆ ತೋಡೋ ಕೆಲಸ. ಸುಗ್ಗಿ ಮುಗಿದ ಮೇಲೆ ಕರಿಸಿದ್ದಯ್ಯನೂ ಗುದ್ದಲಿ ಹಿಡಿದು ಹೋಗೋನು. ಅಲ್ಲಿ ಆಳುದ್ದ ತೋಡಿದರೆ ಹಳೇ ಮಡಕೆಗಳು ಸಿಗೋವು, ಒಳಗೆ ಬೂದಿ, ಮೂಳೆ ಚೂರು. ಜನ ಪಾಂಡವರ ಕಾಲದ್ದು ಅನ್ನೋರು, ಚಿನ್ನ ಇರಬಹುದು ಅಂತ ಗುದ್ದಲಿ ಹಿಂಬದೀಲಿ ಒಡೆದು ನೋಡೋರು. ಕರಿಸಿದ್ದಯ್ಯ ಒಬ್ಬನೇ ಸುತ್ತ ಮಣ್ಣು ಬಿಡಿಸಿ ಇಡಿಯಾಗಿ ಎತ್ತಿ ದಡದ ಮೇಲೆ ಇಡೋನು. "ಸತ್ತೋರ್ದು ಕಣ್ಲಾ, ಯಾಕ್ ಒಡ್ದೀರಿ" ಅನ್ನೋನಂತೆ. ಆ ಮಡಕೆ ಹುಡುಕಿಕೊಂಡು ಮದ್ದೂರಿಂದ ಚಲುವರಾಜು ಮೇಷ್ಟ್ರು ಬಂದರು.

ಮೇಷ್ಟ್ರಿಗೆ ಹಳೇ ಮಡಕೆ, ಪಿಂಗಾಣಿ ಅಂದರೆ ಹುಚ್ಚು. ಮನೇಲಿ ಕಾಲಿಡೋಕೆ ಜಾಗ ಇರಲಿಲ್ಲ. ಮಂಚದ ಕೆಳಗೆ ಮಡಕೆ, ಅಟ್ಟದ ಮೇಲೆ ಮಡಕೆ, ದೇವರ ಗೂಡಲ್ಲೂ ಒಂದು ಕುಡಿಕೆ. ಅವರ ಹೆಂಡತಿ ಕಾಮಾಕ್ಷಮ್ಮ, "ಕುಂಬಾರನ್ನ ಕಟ್ಟಿಕೊಂಡಿದ್ದರೆ ಹೊಸ ಮಡಕೆನಾದರೂ ಸಿಕ್ತಿತ್ತು ಕಣಮ್ಮ" ಅಂತ ನನ್ನ ಹತ್ತಿರ ಅತ್ತುಕೊಂಡು ನಕ್ಕಿದ್ದರು. ಮೇಷ್ಟ್ರಿಗೆ ಕಾಲುವೆ ದಂಡೇಲಿ ಕರಿಸಿದ್ದಯ್ಯ ಗುರುವೇ ಆದ. ಒಂದು ಮಡಕೆ ಒಳಗೆ ಕಪ್ಪು, ಬಾಯಿ ಕಪ್ಪು, ಹೊಟ್ಟೆ ಕೆಂಪು ಯಾಕೆ ಅಂತ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತಿದ್ದರೆ ಇವನು, "ಬೋರ್ಲಾಕಿ ಸುಟ್ಟವ್ರೆ ಸ್ವಾಮಿ. ಬಾಯಿಗೆ ಗಾಳಿ ಓಗಿಲ್ಲ, ಕರ್ರಗಾಗದೆ" ಅಂದನಂತೆ. ಆ ಮಾತನ್ನ ಮೇಷ್ಟ್ರು ಬರೆದುಕೊಂಡರು. ಮಡಕೆಗೆ ಅಂಟಿಸಿದ ಚೀಟಿ ನಾನೇ ಓದಿದ್ದೀನಿ. ಊರಿನ ಹೆಸರಿತ್ತು, ಆಳ ಎಷ್ಟು ಅಂತಿತ್ತು, ಮೇಷ್ಟ್ರ ಹೆಸರಿತ್ತು. ಎತ್ತಿದವನ ಹೆಸರಿರಲಿಲ್ಲ.

ಮಂಡ್ಯ ಹೊಸದಾಗಿ ಜಿಲ್ಲೆ ಆದ ವರ್ಷ, ಮೇಷ್ಟ್ರು ನಮ್ಮತ್ತೆಯ ಉಪ್ಪಿನಕಾಯಿ ಜಾಡಿ ನೋಡೋಕೆ ಅಂತ ಮನೆಗೆ ಬಂದರು. ಜಾಡಿ ಬೋರಲು ಹಾಕಿ ತಳ ನೋಡಿ, ಇದು ಮೊನ್ನೆ ಮೊನ್ನೇದು ಅಂತ ಮುಖ ಸಣ್ಣ ಮಾಡಿಕೊಂಡು, ಕೈ ತೊಳೆಯೋಕೆ ಹಿತ್ತಲಿಗೆ ಬಂದರು. ಕರಿಸಿದ್ದಯ್ಯ ಮಜ್ಜಿಗೆ ಕುಡೀತಿದ್ದ. ಮೇಷ್ಟ್ರು ಕೈಯ್ಯಲ್ಲಿದ್ದ ನೀರು ಚೆಲ್ಲಿ ಹಾಗೇ ನಿಂತುಬಿಟ್ಟರು. ಆಮೇಲೆ ಓಡಿಹೋಗಿ ಅವನ ಕೈಯಿಂದ ಬಟ್ಟಲು ಕಿತ್ತುಕೊಂಡರು, ಇನ್ನೂ ಅರ್ಧ ಮಜ್ಜಿಗೆ ಇತ್ತು, ಅದನ್ನ ನೆಲಕ್ಕೆ ಸುರಿದರು.

"ಗೌಡರೇ, ಏನ್ರೀ ಇದು! ಎಲ್ಲಿಟ್ಟಿದ್ದೀರಿ ಇದನ್ನ!"

ತಳದಲ್ಲಿ ನೀಲಿ ಗೆರೆಯ ಎರಡು ಸುತ್ತು, ನಡುವೆ ಒಂದು ಎಲೆ. ಚೀನಾ ದೇಶದ್ದೇ, ಇನ್ನೂರೈವತ್ತು ವರ್ಷಕ್ಕೆ ಕಡಿಮೆ ಇಲ್ಲ ಅಂದರು. ಹಡಗಲ್ಲಿ ಕಲ್ಲಿಕೋಟೆಗೆ ಇಳಿದು, ಘಟ್ಟ ಹತ್ತಿ ಪಟ್ಟಣಕ್ಕೆ ಬಂದಿರಬೇಕು ಅಂದರು. ಅತ್ತೆ ಮೂಗು ಮುಚ್ಚಿಕೊಂಡು, "ಮೂಳೆದು ಅಲ್ವಾ ಮೇಷ್ಟ್ರೇ?" ಅಂದರು. "ಮೂಳೆ ಹಾಕೋದು ಇಂಗ್ಲಿಷಿನವರು ಕಣ್ರಮ್ಮಾ, ಅದೂ ಇತ್ತೀಚೆಗೆ. ಚೀನಾದವರದ್ದು ಬಿಳಿ ಮಣ್ಣು, ಬಿಳಿ ಕಲ್ಲು, ಅಷ್ಟೇ. ಇಂಥದ್ದು ಈ ಜಿಲ್ಲೇಲಿ ಇನ್ನೊಂದಿಲ್ಲ. ಭಾನುವಾರ ಮಂಡ್ಯದ ದೊಡ್ಡ ಸಾಹೇಬರನ್ನ ಕರಕೊಂಡು ಬರ್ತೀನಿ. ಅಲ್ಲಿವರೆಗೂ ಇದಕ್ಕೆ ಏನೂ ಮಾಡಬೇಡಿ. ಹುಣಸೆಹಣ್ಣು ಬೇಡ, ಬೂದಿ ಬೇಡ, ಸುಮ್ಮನೆ ಇಡಿ."

ಮಾವ ಎದೆ ಉಬ್ಬಿಸಿಕೊಂಡು ಓಡಾಡಿದರು. ನಮ್ಮನೆ ಬಟ್ಟಲು, ನಮ್ಮ ವಂಶದ ಬಟ್ಟಲು! ಗಾಜಿನ ಬೀರುವಲ್ಲಿ ಇಡಬೇಕು, ಸಾಹೇಬರು ಬಂದಾಗ ನಡುಮನೇಲಿ ತೋರಿಸಬೇಕು. ಸರಿ, ಆದರೆ ಮುಟ್ಟೋರು ಯಾರು? ಮೂವತ್ತು ವರ್ಷ ಕೇರಿಯವನ ತುಟಿಗೆ ತಗುಲಿದ್ದು. ಕಂಚು ಹಿತ್ತಾಳೆಗೆ ಮೈಲಿಗೆ ಆದರೆ ಬೆಂಕಿಗೆ ಹಾಕಿ ತೆಗೆದರೆ ಆಯ್ತು. ಮಣ್ಣಿನದ್ದಕ್ಕೆ ಆದರೆ ಹೋಗೋದೇ ಇಲ್ಲ, ಒಡೆದು ಬಿಸಾಕಬೇಕು. ಹಾಗಾದರೆ ಪಿಂಗಾಣಿ ಮಣ್ಣೋ ಲೋಹವೋ? ಮೂರು ದಿನ ನಮ್ಮ ಮನೇಲಿ ಇದೇ ಪಂಚಾಯ್ತಿ. ಅತ್ತೆ ಮಣ್ಣು ಅಂತ ಮೇಷ್ಟ್ರೇ ಹೇಳಲಿಲ್ವಾ ಅನ್ನೋರು. ಮಾವ ಕೊಟ್ಟಿಗೇಲಿ ನಿಂತು ಕಡ್ಡೀಲಿ ಬಟ್ಟಲಿನ ಅಂಚು ತಟ್ಟಿ ತೋರಿಸೋರು. "ಟಣ್ ಅಂತದಲ್ಲೇ, ಕೇಳು. ಮಣ್ಣಾಗಿದ್ರೆ ಟಣ್ ಅಂದಾತಾ? ಕಂಚಿನ ಲೆಕ್ಕವೇ ಇದು." ಮೂರನೇ ದಿನಕ್ಕೆ ಅತ್ತೆಗೂ ಕಂಚೇ ಸರಿ ಅನ್ನಿಸಿತು.

ಭಾನುವಾರ ಬೆಳಗ್ಗೆ ಮಾವ, ಯಜಮಾನರು ಇಬ್ಬರೂ ಗಾಡಿ ಕಟ್ಟಿಕೊಂಡು ಮದ್ದೂರಿಗೆ ಹೋದರು, ಸಾಹೇಬರನ್ನ ಕರೆತರೋಕೆ. ಕರಿಸಿದ್ದಯ್ಯ ಹೊಲಕ್ಕೆ ಹೋಗಿದ್ದ. ಅತ್ತೆ ನನ್ನ ಕರೆದು, "ಅವರು ಬರೋಷ್ಟರಲ್ಲಿ ಸುಟ್ಟು ಸುದ್ಧ ಮಾಡ್ಬುಡೇ" ಅಂದರು. ಮೇಷ್ಟ್ರು ಬೇಡ ಅಂದಿದ್ದು ನನಗೆ ನೆನಪಿತ್ತು. ಚೆನ್ನಾಗೇ ನೆನಪಿತ್ತು. ಆದರೂ ಸಾಹೇಬರ ಮುಂದೆ ಬಟ್ಟಲು ಹಿಡಿದು ನಿಲ್ಲೋಳು ನಾನು, ಮಳವಳ್ಳಿ ಪೇಟೆಯ ಓದಿದ ಸೊಸೆ ಅಂತ ಮಾವ ಹೇಳಿದ್ದರು. ಅದನ್ನ ಹಾಗೇ ಮುಟ್ಟೋಕೆ ನನಗೆ ಅಸಹ್ಯ ಆಯ್ತು. ಹೌದು, ಅತ್ತೆ ಹೇಳಿದರು ಅಂತ ಅಲ್ಲ, ನನಗೇ ಅಸಹ್ಯ. ಹಿತ್ತಲಲ್ಲಿ ಹುಲ್ಲು ಹಾಸಿ, ಬೆರಣಿ ಪೇರಿಸಿ ಉರಿ ಹಚ್ಚಿದೆ. ಇಕ್ಕಳದಲ್ಲಿ ಬಟ್ಟಲು ಹಿಡಿದು ಒಳಗಿಟ್ಟೆ. ಚೆನ್ನಾಗಿ ಕಾದ ಮೇಲೆ, ಕಂಚಿನ ತಣಿಗೆಗೆ ಮಾಡೋ ಹಾಗೇ, ಎತ್ತಿ ಗಂಜಲದ ನೀರಿಗೆ ಅದ್ದಿದೆ.

ಚಟ್ ಅಂತು. ಇಕ್ಕಳದಲ್ಲಿ ಒಂದು ತುಂಡು ಉಳೀತು. ಇನ್ನೆರಡು ತುಂಡು ಗಂಜಲದಲ್ಲಿ ಮುಳುಗಿದವು.

ಅತ್ತೆ ಬಂದು ನೋಡಿದರು, "ಅಯ್ಯಯ್ಯೋ" ಅಂದು ಒಳಕ್ಕೆ ಹೋದರು. ತುಂಡುಗಳನ್ನ ತೊಳೆಯೋ ಕಲ್ಲಿನ ಹತ್ತಿರ ಹಾಕಿದೆ, ಬೂದಿಯ ಮೇಲೆ ಸಗಣಿ ನೀರು ಎರಚಿದೆ. ಅಷ್ಟರಲ್ಲಿ ಗಾಡಿ ಬಂದೇಬಿಟ್ಟಿತು. ಮಾವ ಕೆಳಗಿಳಿಯೋಕೆ ಮುಂಚೆನೇ "ಎಲ್ಲಮ್ಮ ಬಟ್ಟಲು? ಸಾಹೇಬ್ರು ಬಂದವ್ರೆ" ಅಂತ ಕೂಗಿದರು. ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ, ಬಂದೇ ಬಿಟ್ಟಿತು.

"ಕರಿಸಿದ್ದ ಒಡೆದುಬಿಟ್ಟ ಮಾವಾ. ತೊಳೆಯೋಕೆ ಕೊಟ್ಟಿದ್ದೆ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸೆರಗು ಸರಿ ಮಾಡಿಕೊಂಡು ಸಾಹೇಬರಿಗೆ ನೀರು ತರೋಕೆ ಒಳಗೆ ಹೋದರು.

ಹೊಲದಿಂದ ಅವನನ್ನ ಕರೆಸಿದರು. ಕಾಲ ತುಂಬ ಕೆಸರು, ಯಾಕೆ ಕರೆದರು ಅಂತಲೇ ಗೊತ್ತಿಲ್ಲದೆ ಬಂದ. "ಏನ್ಲಾ ಇದು?" ಅಂತ ಮಾವ ಕಲ್ಲಿನ ಕಡೆ ಕೈ ತೋರಿಸಿದರು. ಕರಿಸಿದ್ದಯ್ಯ ಕುಕ್ಕರುಗಾಲಲ್ಲಿ ಕೂತು ಒಂದು ತುಂಡು ಎತ್ತಿಕೊಂಡ. ಅಂಚಲ್ಲಿ ಮಸಿ ಹಿಡಿದಿತ್ತು. ನಾನು ಗಾಬರೀಲಿ ಅದನ್ನ ನೋಡೇ ಇರಲಿಲ್ಲ. ಅವನು ಮಸಿ ನೋಡಿದ, ತಲೆ ಎತ್ತಿ ನನ್ನ ನೋಡಿದ. ಹೆಬ್ಬೆಟ್ಟಲ್ಲಿ ಆ ಮಸಿ ಒರೆಸಿ, ತುಂಡು ಕೆಳಗಿಟ್ಟು, ಎದ್ದು ನಿಂತ.

"ಕೈ ಜಾರ್ತು ಬುದ್ಧಿ."

ಮಾವ ಗಾಡಿಯಿಂದ ಬಾರುಕೋಲು ಎಳೆದುಕೊಂಡರು. ಎಷ್ಟು ಏಟು ಅಂತ ನಾನು ಎಣಿಸಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಕಿವಿ ಮುಚ್ಚಿಕೊಳ್ಳೋಕೆ ಆಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಖಾದಿ ಜುಬ್ಬದ ನಮ್ಮ ಯಜಮಾನರು ಕಂಬ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಮೇಷ್ಟ್ರು ಮಂಡಿಯೂರಿ ತುಂಡುಗಳನ್ನೆಲ್ಲ ತಮ್ಮ ಶಲ್ಯದಲ್ಲಿ ಕಟ್ಟಿಕೊಂಡು ಗಳಗಳ ಅತ್ತರು. ಅತ್ತಿದ್ದು ಬಟ್ಟಲಿಗೆ. ತಮಗೆ ಮಡಕೆಯ ಪಾಠ ಹೇಳಿದವನ ಬೆನ್ನಿನ ಕಡೆ ಒಂದು ಸಲ ತಿರುಗಿ ನೋಡಲಿಲ್ಲ.

"ನಾಳೆಯಿಂದ ನನ್ನ ಕೊಟ್ಟಿಗೆ ತಾವ ಕಾಣಿಸ್ಕೋಬೇಡ" ಅಂದರು ಮಾವ. ಮೂರು ತಲೆಮಾರಿನ ಋಣ ಒಂದು ಮಾತಿಗೆ ಹರಿದುಹೋಯಿತು. ಮಾರನೇ ದಿನ ಅವನ ಹೆಂಡತಿ ಮಾಯಮ್ಮ ಹಿತ್ತಲಿಗೆ ಬಂದು "ಅವ್ವಾ, ಒಂದ್ ಮಾತು" ಅಂತ ಕರೆದಳು. ನಾನು ಬಾಗಿಲ ಸಂದೀಲಿ ನಿಂತು ಕೇಳಿಸಿಕೊಂಡೆ, ಆಚೆಗೆ ಹೋಗಲಿಲ್ಲ. ಕರೆದು ಕರೆದು ಹೋದಳು. ಊರಲ್ಲಿ ಬೇರೆ ಯಾರೂ ಅವನನ್ನ ಕೆಲಸಕ್ಕೆ ಕರೆಯಲಿಲ್ಲ, ಕೈ ನೆಟ್ಟಗಿಲ್ಲದವನು ಅಂತ ಹೆಸರು ಬಿತ್ತಲ್ಲ. ಇಬ್ಬರೂ ಮಳವಳ್ಳಿ ಆಚೆ ಮಗಳು ಬೆಳ್ಳಮ್ಮನ ಊರಿಗೆ ಹೊರಟುಹೋದರು.

ಎಂಟು ವರ್ಷ. ತವರಿಗೆ ಹೋದಾಗೆಲ್ಲ ಅವನ ಸುದ್ದಿ ಕಿವಿಗೆ ಬೀಳೋದು. ಇಟ್ಟಿಗೆ ಗೂಡಲ್ಲಿ ಮಣ್ಣು ತುಳೀತಾನಂತೆ. ಮಾಯಮ್ಮ ತೀರಿಕೊಂಡಳಂತೆ. ಕಣ್ಣು ಮಂಜಾಗಿದೆಯಂತೆ. ಪ್ರತಿ ಸಲವೂ ಈ ಸಲ ಹೋಗಿ ಹೇಳಿಬಿಡಬೇಕು ಅಂದುಕೊಳ್ತಿದ್ದೆ, ಪ್ರತಿ ಸಲವೂ ಏನಾದರೊಂದು ನೆಪ. ಒಂದು ಸಲ ಮಳೆ, ಒಂದು ಸಲ ಮಗೂಗೆ ಜ್ವರ, ಇನ್ನೊಂದು ಸಲ ಏನೂ ಇಲ್ಲ, ಬಸ್ಸು ತಪ್ಪಿತು ಅಂತ ನನಗೆ ನಾನೇ ಹೇಳಿಕೊಂಡೆ. ಮನಸ್ಸಲ್ಲಿ ಮಾತ್ರ ಅವನನ್ನ ದೇವರು ಮಾಡಿಟ್ಟುಕೊಂಡಿದ್ದೆ. ನನ್ನ ಮಾನ ಕಾಪಾಡೋಕೆ ಏಟು ತಿಂದ ಪುಣ್ಯಾತ್ಮ ಅಂತ ಕೈ ಮುಗೀತಿದ್ದೆ. ಅಷ್ಟರಿಂದಲೇ ನನಗೆ ಸ್ವಲ್ಪ ಸಮಾಧಾನ ಆಗೋದು, ಥೂ.

ನಲವತ್ತೇಳನೇ ಇಸವಿ, ಸ್ವಾತಂತ್ರ್ಯ ಬಂದು ಎರಡು ತಿಂಗಳಾಗಿತ್ತು. ಮಹಾರಾಜರು ಜನಕ್ಕೆ ಸರ್ಕಾರ ಬಿಟ್ಟುಕೊಡಲಿ ಅಂತ ನಮ್ಮ ಯಜಮಾನರು ಮೈಸೂರು ಚಲೋಗೆ ಹೋಗಿ ಜೈಲು ಸೇರಿದ್ದರು. ನಾನು ತವರಲ್ಲಿದ್ದೆ. ಕರಿಸಿದ್ದಯ್ಯ ಇನ್ನು ಹೆಚ್ಚು ದಿನ ಇಲ್ಲ ಅಂತ ಸುದ್ದಿ ಬಂತು. ಅವತ್ತು ಯಾವ ನೆಪವೂ ಹುಡುಕಲಿಲ್ಲ, ನಡೆದುಕೊಂಡೇ ಹೋದೆ.

ಗುಡಿಸಲ ಮುಂದೆ ಬಿಸಿಲಲ್ಲಿ ಕೂತಿದ್ದ, ಮೂಳೆ ಚಕ್ಕಳ ಆಗಿದ್ದ. "ಕರಿಸಿದ್ದಯ್ಯ" ಅಂದೆ. ಅಯ್ಯ ಅಂತ ಸೇರಿಸಿ ಕರೆದದ್ದು ಅದೇ ಮೊದಲು.

"ಯಾರವ್ವಾ?"

"ನಾನು, ಬೆಟ್ಟಯ್ಯಗೌಡರ ಸೊಸೆ."

"ಓ, ಚಿಕ್ಕವ್ವಾರಾ! ಅಡ್ಡಬಿದ್ದೆ ಕಣವ್ವಾ. ಎತ್ಗೋಳು ಎಂಗವೆ?"

ಅವನು ಸಾಕಿದ ಎತ್ತುಗಳು ಸತ್ತು ನಾಲ್ಕು ವರ್ಷ ಆಗಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲೇ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಬಟ್ಟಲು ಒಡೆದವಳು ನಾನು, ಸುಳ್ಳು ಹೇಳಿದವಳು ನಾನು ಅಂದೆ.

"ಗೊತ್ತಲ್ಲವ್ವಾ" ಅಂದ.

"ಗೊತ್ತಿದ್ದೂ ನನ್ನ ಉಳಿಸಿದೆಯಲ್ಲಪ್ಪ, ನಿನ್ನ ಋಣ ಹೇಗೆ ತೀರಿಸಲಿ" ಅಂತ ಅತ್ತುಬಿಟ್ಟೆ.

ಅವನು ನಕ್ಕ. ಕೆಮ್ಮು ಬರೋ ತನಕ ನಕ್ಕ. "ನಿಮ್ಮನ್ನ ಉಳ್ಸಕಾ? ಇಲ್ಲ ಕಣವ್ವಾ. ನಾನಲ್ಲ ಅಂದಿದ್ರೆ ನನ್ ಮಾತ ಯಾರವ್ವಾ ನಂಬೋರು? ಸೊಸೇವ್ರ ಮ್ಯಾಲೆ ಸುಳ್ಳು ಏಳ್ತೀಯ ಅಂತ ಇನ್ನೆಲ್ಡು ಏಟು ಬೀಳೋವು. ಬಿರ್ರನೆ ಮುಗೀಲಿ ಅಂತ ಮಸಿ ಒರಸ್ದೆ."

ಎಂಟು ವರ್ಷ ನಾನು ಕೈ ಮುಗಿದದ್ದು ಇಷ್ಟಕ್ಕೆ. ಬಾಗಿಲಲ್ಲಿ ನಿಂತಿದ್ದ ಬೆಳ್ಳಮ್ಮ ಕೇಳಿಯೇಬಿಟ್ಟಳು. "ಇಲ್ಲಿ ಬಂದು ಏಳಿದ್ರೆ ಏನ್ ಬಂತವ್ವಾ? ನಮ್ಮಪ್ಪನ ಕೈಲಿ ಅದು ಒಡೀನಿಲ್ಲ ಅಂತ ಈ ಕೇರೀಲಿ ಎಲ್ಲಾರ್ಗೂ ಗೊತ್ತು. ಓಗಿ ನಿಮ್ ಜಗ್ಲೀಲಿ ಏಳಿ."

"ಸುಮ್ಕಿರವ್ವಾ" ಅಂತ ಮಗಳನ್ನ ಗದರಿದ. ಆಮೇಲೆ ಮೆಲ್ಲಗೆ ತಾನೇ ಅಂದ: "ಆಗೋದಾದ್ರೆ ಏಳಿ ಚಿಕ್ಕವ್ವಾ. ಆ ಮೇಷ್ಟ್ರು ಇದ್ರೆ ಅವ್ರ ಮುಂದೆ. ಏಟು ಓದ್ರೆ ಓಯ್ತು. ಕರಿಸಿದ್ದನ ಕೈ ಅಂತಾದ್ದಲ್ಲ ಅಂತ ಒಂದ್ ಮಾತು."

ಹೇಳ್ತೀನಿ ಅಂತ ಮಾತು ಕೊಟ್ಟು ಬಂದೆ. ನಾಲ್ಕನೇ ದಿನಕ್ಕೆ ಯಜಮಾನರು ಜೈಲಿಂದ ಬಿಡುಗಡೆ ಆದರು ಅಂತ ತಿಳಿದು ಊರಿಗೆ ವಾಪಸ್ಸಾದೆ. ಜಗಲಿ ತುಂಬ ಜನ. ಅವರ ಕೊರಳಲ್ಲಿ ಹಾರ, ಪಕ್ಕದಲ್ಲಿ ಮಾವ, ಎದುರಿಗೆ ಮೇಷ್ಟ್ರು, ಕೈಯ್ಯಲ್ಲಿ ಕಾಫಿ ಲೋಟ. ಇದಕ್ಕಿಂತ ಒಳ್ಳೇ ಹೊತ್ತು ಸಿಗಲ್ಲ ಅಂತ ಹೊಸಲ ಮೇಲೆ ನಿಂತೆ. ಆ ಮನೇಲಿ ಹೆಂಗಸರು ಜಗಲಿಗೆ ಬಂದು ಮಾತಾಡಿದ್ದೇ ಇಲ್ಲ. ಆದರೂ ಹೇಳಿದೆ. ಬೆಂಕಿಗೆ ಹಾಕಿದವಳು ನಾನು, ಒಡೆದವಳು ನಾನು, ಕರಿಸಿದ್ದಯ್ಯ ಅದನ್ನ ಮುಟ್ಟೇ ಇರಲಿಲ್ಲ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದೆ.

ಮಾವ ಎದ್ದು ಬಂದು ಹೊಡೆದರೂ ಹೊಡೆಸಿಕೊಳ್ಳೋಣ ಅಂತ ನಿಂತಿದ್ದೆ. ಅವರು ಎಲೆಅಡಿಕೆ ಮಡಿಚುತ್ತಾ ಕೂತಿದ್ದರು.

"ಅದು ಗೊತ್ತಿರೋದೇ ಕಣೆ" ಅಂದರು ಯಜಮಾನರು. "ಅವತ್ತು ಸಾಯಂಕಾಲನೇ ಅವ್ವ ಅಪ್ಪಂಗೂ ನಂಗೂ ಹೇಳಿದ್ಲು."

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಲೋಟದೊಳಗೆ ನೋಡುತ್ತಿದ್ದರು. "ಉರಿ ತಾಗಿ ಸೀಳಿದ್ದಕ್ಕೂ ಕೈಯಿಂದ ಬಿದ್ದು ಒಡೆದಿದ್ದಕ್ಕೂ ವ್ಯತ್ಯಾಸ ಇರುತ್ತಮ್ಮ" ಅಂದರು. "ಶಲ್ಯಕ್ಕೆ ಕಟ್ಟುವಾಗಲೇ ತಿಳೀತು. ಮನೆ ಸೊಸೆ ವಿಷಯ, ನಾನು ಹೇಗೆ ಬಾಯಿ ಬಿಡಲಿ?"

"ಈಗ್ಯಾಕೆ ಅದೆಲ್ಲ" ಅಂದರು ಯಜಮಾನರು, ಹಾರ ಸರಿ ಮಾಡಿಕೊಳ್ಳುತ್ತಾ. "ಹೊತ್ತಾಯ್ತು, ಇವರೆಲ್ಲ ಉಪವಾಸ ಅವ್ರೆ. ಒಳಕ್ಕೋಗಿ ಎಲೆ ಹಾಕು."

ನಾನು ಒಳಕ್ಕೆ ಹೋದೆ. ಇಪ್ಪತ್ತು ಎಲೆ ಹಾಕಿದೆ.